ಇದು ಚಾಕು, ಅಡಿಪಟ್ಟಿಯಲ್ಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಇವತ್ತು ನಿನ್ನೆಯ ಸಿಟ್ಟಲ್ಲ. ನಾನು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವ ಮನುಷ್ಯ. ನಲ್ಲಿಯಲ್ಲಿ ನೀರು ಬರದಿದ್ದರೆ ಜನ ಬಂದು ನನಗೆ ಬೈಯುತ್ತಾರೆ, ಬಂದರೆ ಕೆಂಪಗೆ ಬಂತು ಎಂದು ಬೈಯುತ್ತಾರೆ. ತಿರುಗಿ ಬೈಯಬಾರದು ಎಂದು ಸಾಹೇಬರ ಅಪ್ಪಣೆ. ಬೆಳಗ್ಗೆಯಿಂದ ಸಂಜೆಯವರೆಗೆ ನುಂಗಿಕೊಂಡ ಮಾತುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದರೆ ಅಲ್ಲಿ ಹೆಂಡತಿ, ಅತ್ತೆ, ಜೊತೆಗೆ ದಿನಾ ಸಂಜೆ ಊಟದ ಹೊತ್ತಿಗೆ ತಪ್ಪದೆ ಹಾಜರಾಗುವ ಭಾವ. ಅಲ್ಲೂ ಬಾಯಿ ತೆರೆಯಲು ನನ್ನ ಸರದಿ ಬರುವುದಿಲ್ಲ.

ಈ ಭೂಮಿಯ ಮೇಲೆ ನನ್ನದು ಅಂತ ಇರುವುದು ಅಡುಗೆಮನೆಯ ಹಿಂದಿನ ಒಂದೇ ಒಂದು ಕೋಣೆ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಒಂದು ಮೇಜು, ಒಂದು ಸುತ್ತಿಗೆ, ಎರಡು ಅರ, ಒಂದು ಕುಂಟು ಕುರ್ಚಿ. ಅಲ್ಲಿ ಕೂತು ನಾನು ಏನಾದರೂ ಕುಟ್ಟುತ್ತಿರುತ್ತೇನೆ. ಕುಟ್ಟಿದ್ದು ಏನಾಗುತ್ತದೆ ಎಂಬುದು ಬೇರೆ ವಿಷಯ. ಅಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ, ಅಷ್ಟು ಸಾಕು.

ಆ ಕೋಣೆಯ ಮೇಲೆ ಭಾವನ ಕಣ್ಣು ಬಿತ್ತು. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಪ್ಲಾಸ್ಟಿಕ್ ಬಕೆಟ್ಟುಗಳ ವ್ಯಾಪಾರಿ. ಬಕೆಟ್ಟು ಮಾರಾಟವಾಗುವುದಕ್ಕಿಂತ ಹೆಚ್ಚು ಬಂದು ಬೀಳುತ್ತಿದ್ದುದರಿಂದ ಅವರಿಗೆ ಜಾಗ ಬೇಕಾಗಿತ್ತು. ಒಂದು ದಿನ ನಮ್ಮ ಮನೆಯ ಊಟ ಮುಗಿಸಿ, ನಮ್ಮ ಮನೆಯ ಟವೆಲ್ಲಿಗೇ ಕೈ ಒರೆಸುತ್ತ ಶುರು ಮಾಡಿದರು.

"ಆ ಹಿಂದಿನ ರೂಮು ಸುಮ್ನೆ ಬಿದ್ದಿದೆಯಲ್ಲ?"

"ಸುಮ್ನೆ ಬಿದ್ದಿಲ್ಲ ಭಾವ, ನಾನು ಅಲ್ಲಿ ಕೆಲಸ ಮಾಡ್ತೀನಿ" ಎಂದೆ.

"ಏನ್ ಕೆಲಸ ಸ್ವಾಮಿ? ಇಷ್ಟು ವರ್ಷದಲ್ಲಿ ಆ ರೂಮಿಂದ ಏನ್ ಹೊರಗೆ ಬಂದಿದೆ ಹೇಳಿ ನೋಡೋಣ. ನೀವು ಮಾಡಿದ ಸ್ಟೂಲ್ ಮೇಲೆ ಕೂತು ನಮ್ಮಮ್ಮ ಬಿದ್ರು. ನೀವು ಮಾಡಿದ ಇಲಿ ಬೋನಿಗೆ ಸಿಕ್ಕಿದ್ದೂ ನಮ್ಮಮ್ಮನ ಕಾಲ್ಬೆರಳೇ."

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಸ್ವಂತ ಕಾಲ್ಬೆರಳಿನ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಒಂದು ಚಾಕು ಮಾಡಿ ತೋರಿಸ್ತೀನಿ. ಇಷ್ಟುದ್ದದ್ದು! ಬರೋ ತಿಂಗಳ ಮೊದಲನೇ ಭಾನುವಾರ, ನಮ್ಮ ಬಿಲ್ಡಿಂಗ್‌ನವರೆಲ್ಲರ ಎದುರಿಗೆ ಪರೀಕ್ಷೆ. ಅದು ಕೊಯ್ಯದೇ ಇದ್ರೆ ರೂಮು ನಿಮ್ಮ ಬಕೆಟ್ಟಿಗೆ. ಕೊಯ್ದರೆ, ಇನ್ನು ಮೇಲೆ ಆ ರೂಮಿನ ಮಾತು ಎತ್ತಕೂಡದು."

"ಆಯ್ತು" ಎಂದು ಭಾವ ಕೂಡಲೇ ಒಪ್ಪಿದರು. ಅವರು ಅಷ್ಟು ಬೇಗ ಒಪ್ಪಿದ್ದೇ ನನಗಾದ ಮೊದಲ ಅವಮಾನ.

ಚಾಕು ಮಾಡಿದೆ. ಗುಜರಿ ಅಂಗಡಿಯಿಂದ ಲಾರಿ ಸ್ಪ್ರಿಂಗಿನ ಪಟ್ಟಿ ತಂದೆ. ಇದ್ದಿಲು ಒಲೆಯಲ್ಲಿ ಕಾಯಿಸಿದೆ. ತಿದಿ ಇರಲಿಲ್ಲ, ಹೆಂಡತಿ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಊದಿದೆ. ಯಂತ್ರದ ಮೂತಿ ಕರಗಿತು, ಕಬ್ಬಿಣ ಕೆಂಪಾಯಿತು. ಬಡಿದೆ, ಮತ್ತೆ ಕಾಯಿಸಿದೆ, ಅಡುಗೆ ಎಣ್ಣೆಯಲ್ಲಿ ಅದ್ದಿದೆ. ಆ ದಿನ ಕಟ್ಟಡದವರೆಲ್ಲ ಮೂಗು ಅರಳಿಸಿಕೊಂಡು ಬಂದು ಏನು ಕರಿಯುತ್ತಿದ್ದೀರಿ ಎಂದು ಕೇಳಿದರು. ಅತ್ತೆ ಬಿದ್ದಾಗ ಮುರಿದಿದ್ದ ಸ್ಟೂಲಿನ ಕಾಲನ್ನೇ ಕೆತ್ತಿ ಹಿಡಿ ಮಾಡಿದೆ. ಕೊನೆಗೆ ಒಂದು ಮೊಳ ಉದ್ದದ, ಅಂಗೈ ಅಗಲದ, ನೋಡಿದರೆ ಎದೆ ಝಲ್ಲೆನ್ನುವ ಚಾಕು ನನ್ನ ಮೇಜಿನ ಮೇಲೆ ಮಲಗಿತ್ತು. ನಾನು ಮಾಡಿದ್ದು. ನನ್ನ ಈ ಕೈಯಿಂದ! ಸುಳ್ಳೇಕೆ, ಕಣ್ಣು ತುಂಬಿ ಬಂತು.

ಸಾಣೆ ಕಲ್ಲಿನ ಮೇಲೆ ಹರಿತ ಮಾಡಿದೆ. ಅದು ಎಂಥ ಹರಿತ ಅಂತೀರಿ! ಇಳಿಬಿಟ್ಟು ಹಿಡಿದ ಹಳೆಯ ಪೇಪರನ್ನು ಸದ್ದಿಲ್ಲದೆ ಸೀಳಿತು. ಎಡಗೈ ಮೇಲಿನ ಕೂದಲನ್ನು ಹಜಾಮರ ಕತ್ತಿಯ ಹಾಗೆ ತೆಗೆಯಿತು. ಖುಷಿಯಲ್ಲಿ ಮೊಣಕೈವರೆಗೂ ಬೋಳಿಸಿಕೊಂಡುಬಿಟ್ಟೆ. ಅವತ್ತು ಕಚೇರಿಯಲ್ಲಿ ಪಕ್ಕದ ಕೌಂಟರಿನವನು ನನ್ನ ಕೈ ನೋಡಿ, "ಅಂಟುತ್ತಾ?" ಎಂದು ಕೇಳಿ ಕುರ್ಚಿಯನ್ನು ಆಚೆ ಎಳೆದುಕೊಂಡ. ಎಳೆದುಕೊಳ್ಳಲಿ.

ಕಚೇರಿಗೆ ಹೊರಡುವ ಮುಂಚೆ ಹೆಂಡತಿ ಕೋಣೆಯ ಬಾಗಿಲಿಗೆ ಬಂದಿದ್ದಳು. ಚಾಕುವನ್ನೂ ನನ್ನ ಕೈಬೆರಳುಗಳನ್ನೂ ಒಂದು ಸುತ್ತು ನೋಡಿದಳು.

"ರೀ, ಅದನ್ನ ಇಲ್ಲಿ ಕೊಡಿ. ಎಣ್ಣೆ, ಮಸಿ ಎಲ್ಲಾ ಆಗಿದೆ. ತೊಳೆದು ಇಡ್ತೀನಿ."

ನೋಡಿ, ಎಂಥ ಹೆಂಡತಿ! ಯಂತ್ರದ ಮೂತಿ ಕರಗಿಸಿದ್ದಕ್ಕೂ ಒಂದು ಮಾತು ಆಡದೆ ತೊಳೆದು ಇಡುತ್ತೇನೆ ಎನ್ನುತ್ತಾಳೆ. ಹಿಗ್ಗಿನಿಂದ ಕೊಟ್ಟೆ.

ಸಂಜೆ ಭಾವ ಬಂದರು. ಹೊಸ ಬಿಳಿ ಅಂಗಿ ಹಾಕಿದ್ದರು. ಪರೀಕ್ಷೆಯವರೆಗೆ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಭಾವ, ಒಂದು ಸ್ಯಾಂಪಲ್ ನೋಡಿ" ಎಂದು ಕಳಿತ ಟೊಮೆಟೊ ಒಂದನ್ನು ಅವರ ಮುಂದಿಟ್ಟೆ. "ಒತ್ತೋದೇ ಬೇಡ. ಸುಮ್ನೆ ಚಾಕು ಇಟ್ರೆ ಸಾಕು, ಅದರ ಭಾರಕ್ಕೇ ಎರಡು ಹೋಳಾಗುತ್ತೆ."

ಇಟ್ಟೆ. ಏನೂ ಆಗಲಿಲ್ಲ. ಸ್ವಲ್ಪ ಒತ್ತಿದೆ. ಟೊಮೆಟೊ ತಗ್ಗಿತು. ಎರಡೂ ಕೈಯಿಂದ, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಆಗ ಟೊಮೆಟೊ ಇದ್ದಕ್ಕಿದ್ದಂತೆ ಸಿಡಿದು ಭಾವನ ಬಿಳಿ ಅಂಗಿಯ ಮೇಲೆ ಕಾಲರಿನಿಂದ ಕೊನೆಯ ಗುಂಡಿಯವರೆಗೆ ಹರಡಿಕೊಂಡಿತು.

ಭಾವ ಕೋಪಿಸಿಕೊಳ್ಳಲಿಲ್ಲ. ಅದೇ ನನಗೆ ಉರಿ ಹತ್ತಿಸಿದ್ದು. ಅಂಗಿಯ ಮೇಲಿನ ಬೀಜವೊಂದನ್ನು ನಿಧಾನವಾಗಿ ತೆಗೆದು ತಟ್ಟೆಯ ಅಂಚಿಗಿಟ್ಟು, "ಆ ರೂಮಿಗೆ ಸುಣ್ಣ ಹೊಡಿಸ್ಬೇಕಾ, ಹಾಗೇ ಇಟ್ಕೊಬಹುದಾ?" ಎಂದು ತಂಗಿಯನ್ನು ಕೇಳಿದರು. ಅವಳು ಯಾಕೋ ಪಾತ್ರೆಯ ಕಡೆ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಮತ್ತೆ ಹರಿತ ಮಾಡಿದೆ. ಮತ್ತೆ ಪೇಪರು ಸೀಳಿತು. ಬಲಗೈ ಕೂದಲೂ ಹೋಯಿತು. ಸಂಜೆ ನೋಡಿದರೆ ಮತ್ತೆ ಮೊಂಡು, ನೆನೆದ ಬ್ರೆಡ್ಡನ್ನೂ ಕೊಯ್ಯುವುದಿಲ್ಲ! ಅದರ ಮರುದಿನವೂ ಇದೇ ಕಥೆ. ಬೆಳಗ್ಗೆ ಹುಲಿಯಾಗಿರುವ ಚಾಕು ಸಂಜೆಗೆ ಕತ್ತೆಯಾಗುತ್ತಿತ್ತು. ಯಾವ ಕಬ್ಬಿಣಕ್ಕೆ ಹೀಗೆ ಹೊತ್ತಿನ ಪರಿಜ್ಞಾನ ಇರುತ್ತದೆ ನೀವೇ ಹೇಳಿ. ಮನೆಯವರ ಮೇಲೆ ಅನುಮಾನ ಪಡುವ ನೀಚ ನಾನಲ್ಲ. ತಪ್ಪು ಸಾಣೆ ಕಲ್ಲಿನದೇ ಎಂದು ತೀರ್ಮಾನಿಸಿದೆ. ಚಾಕುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಲ್ಲು ಮಾರಿದ ಅಂಗಡಿಗೆ ನುಗ್ಗಿದೆ.

"ಏನ್ರೀ ಕಲ್ಲು ಕೊಟ್ಟಿದೀರ ನನಗೆ? ಬೆಳಗ್ಗೆ ಮಾಡಿದ ಹರಿತ ಸಂಜೆಗೆ ಇರಲ್ಲ!"

ಅಂಗಡಿಯವನು ನನಗಿಂತ ಸಿಟ್ಟಿನ ಮನುಷ್ಯ. "ಸ್ನಾನ ಮಾಡಿದ್ ಮೇಲೂ ಸಂಜೆಗೆ ಬೆವರು ಬರುತ್ತೆ, ಹಾಗಂತ ಸೋಪಿನ ಅಂಗಡೀಗೆ ಹೋಗಿ ಜಗಳ ಆಡ್ತೀರಾ?" ಎಂದ.

"ನನ್ನ ಚಾಕೂಗೂ ನಿಮ್ಮ ಬೆವರಿಗೂ ಏನ್ರೀ ಸಂಬಂಧ?"

"ನನ್ನ ಕಲ್ಲಿಗೂ ನಿಮ್ಮ ತುಕ್ಕು ಕಬ್ಬಿಣಕ್ಕೂ ಏನ್ ಸಂಬಂಧ? ಮೊದಲು ಈ ಸೌಟು ತಗೊಂಡು ಹೊರಗೆ ನಡೀರಿ!"

ಸೌಟು! ನನ್ನ ಚಾಕುವನ್ನು ಸೌಟು ಎಂದ! ಹೊರಗೆ ಬಂದು ರಸ್ತೆಯಲ್ಲಿ ನಿಂತು ಅವನಿಗೆ ಹೇಳಬೇಕಾದ ಎಲ್ಲ ಉತ್ತರಗಳನ್ನೂ ಜೋರಾಗಿ ಹೇಳಿದೆ. ಎದುರಿಗಿದ್ದ ಹೆಂಗಸೊಬ್ಬಳು ದಾರಿ ಬದಲಿಸಿದಳು.

ಪರೀಕ್ಷೆಯ ಭಾನುವಾರ ಬಂತು. ಅವತ್ತು ಬೆಳಗ್ಗೆ ಕಲ್ಲಿನ ಮುಂದೆ ಕೂತವನು ಏಳಲೇ ಇಲ್ಲ. ಹೆಂಡತಿ ಹರಿತ ನೋಡಿ ಮುಖ ಸಣ್ಣ ಮಾಡಿಕೊಂಡಳು.

"ಸ್ನಾನ ಮಾಡಿ ಬನ್ನಿ. ಅಷ್ಟರಲ್ಲಿ ತೊಳೆದು ಇಡ್ತೀನಿ" ಎಂದಳು.

ಎಲ್ಲರ ಎದುರಿಗೆ ಹೋಗುವ ಚಾಕು ಚೊಕ್ಕಟವಾಗಿರಲಿ ಎಂದು ಕೊಟ್ಟೆ. ಸ್ನಾನ ಮುಗಿಸಿ ಬಂದರೆ ಚಾಕು ಫಳಫಳ ಹೊಳೆಯುತ್ತಿತ್ತು. ಎತ್ತಿಕೊಂಡು ತಾರಸಿಗೆ ಹೋದೆ.

ತಾರಸಿಯಲ್ಲಿ ಕಟ್ಟಡದವರೆಲ್ಲ ಕುರ್ಚಿ ಸಮೇತ ಸೇರಿದ್ದರು. ಮುಂದಿನ ಸಾಲಿನ ಮಧ್ಯದಲ್ಲಿ ಕಟ್ಟಡದ ಕಾರ್ಯದರ್ಶಿ. ನಿವೃತ್ತ ಹೆಡ್‌ಮಾಸ್ಟರು, ತಾರಸಿಯ ಬೀಗದ ಕೈ ಸೊಂಟದಲ್ಲಿಟ್ಟುಕೊಂಡೇ ಮಲಗುವವರು. ಪಕ್ಕದಲ್ಲಿ ಭಾವ, ಕೈಯಲ್ಲಿ ಅಳತೆಯ ಟೇಪು. ಕೋಣೆ ಅಳೆಯಲು ಈಗಲೇ ತಂದಿದ್ದರು ನೋಡಿ!

ಮೊದಲು ಹಗ್ಗ. ಬಟ್ಟೆ ಒಣಗಿಸುವ ಕಂಬಕ್ಕೆ ಹೆಬ್ಬೆರಳು ದಪ್ಪದ ಹಗ್ಗ ಕಟ್ಟಿ ಎಳೆದು ಹಿಡಿದೆ. ಬೀಸಿದೆ. ಚಾಕು ಹಗ್ಗಕ್ಕೆ ಬಡಿದು ಚಿಮ್ಮಿ ವಾಪಸ್ ಬಂತು. ಮತ್ತೆ ಬೀಸಿದೆ, ಮತ್ತೆ ಬಂತು. ಆಮೇಲೆ ಗರಗಸದ ಹಾಗೆ ಉಜ್ಜತೊಡಗಿದೆ. ಉಜ್ಜಿ ಉಜ್ಜಿ ಹಗ್ಗ ಬಿಸಿಯಾಯಿತೇ ಹೊರತು ಒಂದು ಎಳೆ ಕಿತ್ತು ಬರಲಿಲ್ಲ. ಕೊನೆಗೆ ಕಂಬವೇ ಬುಡ ಸಡಿಲವಾಗಿ, ಮೇಲಿನ ಮನೆಯವರ ಬೆಡ್‌ಶೀಟುಗಳ ಸಮೇತ ನೆಲಕ್ಕೆ ಒರಗಿತು.

"ಹಗ್ಗ ಒಳ್ಳೇ ಕ್ವಾಲಿಟಿ" ಎಂದರು ಭಾವ.

"ಬಾಟ್ಲಿ ತನ್ನಿ!" ಎಂದು ಕೂಗಿದೆ.

ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಗೋಡೆಕಟ್ಟೆಯ ಮೇಲೆ ನಿಲ್ಲಿಸಿದೆ. ನಿಯಮ ಏನೆಂದರೆ ಒಂದೇ ಏಟಿಗೆ ಬಾಟಲಿಯ ಮೇಲ್ಭಾಗ ಹಾರಬೇಕು, ಕೆಳಭಾಗ ನಿಂತಲ್ಲೇ ನಿಂತಿರಬೇಕು. ಇಷ್ಟು ದಿನ ನುಂಗಿದ ಬೈಗುಳಗಳನ್ನೆಲ್ಲ ನೆನೆಸಿಕೊಂಡು, ಇದ್ದ ಬಲವನ್ನೆಲ್ಲ ಕೂಡಿಸಿಕೊಂಡು ಬೀಸಿದೆ. ಬಾಟಲಿ ತುಂಡಾಗಲಿಲ್ಲ. ಇಡಿಯಾಗಿ ಹಾರಿತು. ನೇರವಾಗಿ ಹೋಗಿ ಮುಂದಿನ ಸಾಲಿನ ಮಧ್ಯದಲ್ಲಿ ಕೂತಿದ್ದ ಕಾರ್ಯದರ್ಶಿಯವರ ಹಣೆಗೆ ಬಡಿಯಿತು. ಅವರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಬಾಟಲಿಗೆ ಒಂದು ಗೀರೂ ಆಗಿರಲಿಲ್ಲ, ಅವರ ಹಣೆ ಮಾತ್ರ ಬೋರೆಹಣ್ಣಿನಷ್ಟು ಊದಿತು.

"ಮಾರಕಾಸ್ತ್ರ!" ಎಂದು ಮಲಗಿದಲ್ಲಿಂದಲೇ ಅವರು ಕಿರುಚಿದರು. "ನನ್ನ ಮೇಲೆ ಮಾರಕಾಸ್ತ್ರ ಪ್ರಯೋಗ! ಪೊಲೀಸಿಗೆ ಫೋನ್ ಮಾಡಿ!"

ಪೊಲೀಸರು ಬಂದರು. ಬಂದವರು ಒಬ್ಬ ದಪ್ಪ ಹೆಡ್ ಕಾನ್‌ಸ್ಟೇಬಲ್ಲು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವವರೆಗೆ ಸುಮ್ಮನೆ ನಿಂತು, ಆಮೇಲೆ ಕೇಳಿದರು.

"ಆಯುಧ ಯಾವುದು?"

ಕಾರ್ಯದರ್ಶಿ ತೋರಿಸಿದರು. ಹೆಡ್ಡು ಚಾಕುವನ್ನು ಎತ್ತಿಕೊಂಡರು, ತಿರುಗಿಸಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಅಲಗಿನ ಮೇಲೆ ಈ ತುದಿಯಿಂದ ಆ ತುದಿವರೆಗೆ, ಒತ್ತಿ, ಸರ್ರನೆ ಎಳೆದರು. ಎಲ್ಲರೂ ಉಸಿರು ಬಿಗಿಹಿಡಿದರು. ಅವರು ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಏನೂ ಆಗಿರಲಿಲ್ಲ.

"ಇದು ಆಯುಧ ಅಲ್ಲ ಮೇಷ್ಟ್ರೇ. ಇದು ಅಡಿಪಟ್ಟಿ."

"ಸಾರ್!" ಎಂದೆ ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅದು ಚಾಕು ಸಾರ್! ಲಾರಿ ಸ್ಪ್ರಿಂಗು! ಮಾರಕಾಸ್ತ್ರ! ಕೇಸು ಹಾಕಿ!"

"ಇದಕ್ಕೆ ಕೇಸ್ ಹಾಕಿದ್ರೆ ನಮ್ಮ ಸ್ಟೇಷನ್ ಮರ್ಯಾದೆ ಹೋಗುತ್ತೆ. ಇದ್ರಲ್ಲಿ ಕೊಲೆ ಆಗ್ಬೇಕಂದ್ರೆ ಸಾಯೋನು ತುಂಬಾ ಸಹಕಾರ ಕೊಡ್ಬೇಕು."

"ಜಪ್ತಿಯಾದ್ರೂ ಮಾಡಿ ಸಾರ್!"

"ಬಾಟ್ಲೀನ ಬೇಕಾದ್ರೆ ಜಪ್ತಿ ಮಾಡ್ತೀನಿ. ಹೊಡೆದಿದ್ದು ಅದು."

ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಟೇಪನ್ನು ಕಿರ್ರೆಂದು ಎಳೆದು ಬಿಟ್ಟರು. ಅಷ್ಟೇ, ನನ್ನ ತಲೆ ಕೆಟ್ಟಿತು. ಎರಡೂ ಕೈಗಳನ್ನು ಹೆಡ್ಡಿನ ಮುಂದೆ ಚಾಚಿದೆ.

"ಕೋಳ ಹಾಕಿ! ನಾನು ಅಪಾಯಕಾರಿ ಮನುಷ್ಯ! ನಾನು ಮಾಡಿದ್ದು ಅಪಾಯಕಾರಿ ಚಾಕು! ಹಾಕ್ತೀರೋ ಇಲ್ವೋ?"

ಹೆಡ್ಡು ನಿಜವಾಗಿಯೂ ಸೊಂಟದ ಕಡೆ ಕೈ ಹಾಕಿದರು. ಹೆಂಡತಿ ಅಳುತ್ತ ನಡುವೆ ಬಂದು ನಿಂತಳು.

"ಬೇಡ ಸಾರ್, ಹಾಕ್ಬೇಡಿ. ಅವರದ್ದೇನೂ ತಪ್ಪಿಲ್ಲ. ಚಾಕೂದೂ ತಪ್ಪಿಲ್ಲ. ದಿನಾ ಅವರು ಹರಿತ ಮಾಡಿಟ್ಟ ಮೇಲೆ ನಾನೇ ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿ ಮೊಂಡು ಮಾಡ್ತಿದ್ದೆ."

ಹಿಂದಿನಿಂದ ಅತ್ತೆಯ ದನಿ ಕೇಳಿತು.

"ನೀನೂನಾ? ನಾನು ದಿನಾ ಮಧ್ಯಾಹ್ನ ಹೂವಿನ ಕುಂಡದ ಅಂಚಿಗೆ ಉಜ್ತಿದ್ನಲ್ಲೇ!"

"ಅಮ್ಮ, ನೀನ್ಯಾಕೆ?"

"ಇನ್ಯಾಕೆ? ಸ್ಟೂಲ್ ಮಾಡಿ ಬೀಳಿಸಿದ್ರು, ಬೋನು ಮಾಡಿ ಬೆರಳು ಕಚ್ಚಿಸಿದ್ರು. ಈಗ ಚಾಕು ಅಂದ್ರೆ ನಾನು ಏನ್ ಅನ್ಕೊಬೇಕು?"

"ಯಾಕೇ ಹೀಗ್ ಮಾಡ್ದೆ?" ಎಂದು ಹೆಂಡತಿಯ ಮೇಲೆ ಗುಡುಗಿದೆ. "ನನ್ನ ಮಾನ ಹರಾಜು ಹಾಕ್ಬಿಟ್ಯಲ್ಲ! ಹತ್ತು ಜನದ ಮುಂದೆ ನನ್ನ ಚಾಕೂನ ಅಡಿಪಟ್ಟಿ ಅನ್ನಿಸ್ಬಿಟ್ಯಲ್ಲ!"

ಅವಳಿಗೂ ರೇಗಿತು. "ಮತ್ತೇನ್ರೀ ಮಾಡ್ಲಿ? ಸ್ಟೇಪ್ಲರ್ ಒತ್ತೋಕೆ ಹೋಗಿ ಬೆರಳಿಗೆ ಹೊಡ್ಕೊಂಡೋರು ನೀವು! ಬೀರು ಬಾಗಿಲು ಹಾಕೋಕೆ ಹೋಗಿ ಉಗುರು ಹಾರಿಸ್ಕೊಂಡೋರು ನೀವು! ಇಷ್ಟುದ್ದದ ಚಾಕು ನಿಮ್ಮ ಕೈಗೆ ಕೊಟ್ಟು ನಾನು ಹೇಗ್ರೀ ನೆಮ್ಮದಿಯಾಗಿರ್ಲಿ? ರೂಮು ಹೋದ್ರೆ ಹೋಯ್ತು. ನಿಮ್ಮ ಕೈ ಬೇಕಲ್ಲ ನನಗೆ!"

ಯಾರಾದರೂ ನಿಮ್ಮ ಮೇಲೆ ಇಷ್ಟು ಪ್ರೀತಿ ಇಟ್ಟು ನಿಮ್ಮನ್ನು ಹಾಳು ಮಾಡಿದರೆ ನೀವು ಏನು ಮಾಡುತ್ತೀರಿ? ಬೈಯಲೂ ಆಗುವುದಿಲ್ಲ. ಬೈಯಲಾಗದ ಸಿಟ್ಟಿಗಿಂತ ದೊಡ್ಡ ಸಿಟ್ಟಿಲ್ಲ ನೋಡಿ. ದಡದಡ ಕೆಳಗೆ ಹೋಗಿ ಸಾಣೆ ಕಲ್ಲು ಎತ್ತಿಕೊಂಡು ಬಂದೆ.

"ಯಾರೂ ಅಲ್ಲಾಡಕೂಡದು! ಯಾರೂ ನನ್ನ ಚಾಕು ಮುಟ್ಟಕೂಡದು! ಪರೀಕ್ಷೆ ಇನ್ನೂ ಮುಗಿದಿಲ್ಲ!"

ತಾರಸಿಯ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರ ಎದುರಿಗೆ ಉಜ್ಜತೊಡಗಿದೆ. ಹೆಡ್ಡು ಒಂದು ಕುರ್ಚಿ ಎಳೆದುಕೊಂಡು ಕೂತರು. ಕಾರ್ಯದರ್ಶಿಯವರ ಹಣೆಗೆ ಯಾರೋ ಐಸು ತಂದಿಟ್ಟರು. ಅತ್ತೆ ಒಮ್ಮೆ, "ಸಾಕು ಅಳಿಯಂದ್ರೇ, ಹರಿತ ಆಗಿರುತ್ತೆ" ಎಂದರು. ನಾನು ಅವರನ್ನು ನೋಡಿದ ನೋಟಕ್ಕೆ ಸುಮ್ಮನಾದರು.

ಎದ್ದೆ. ಅದೇ ಬಾಟಲಿಯನ್ನು ಅದೇ ಕಟ್ಟೆಯ ಮೇಲೆ ಇಟ್ಟೆ. ಮುಂದಿನ ಸಾಲಿನವರೆಲ್ಲ ಕುರ್ಚಿಗಳ ಹಿಂದೆ ಹೋಗಿ ಕೂತರು. ಬೀಸಿದೆ.

ಬಾಟಲಿ ಅಲ್ಲಾಡಲಿಲ್ಲ. ಹಾರಲೂ ಇಲ್ಲ, ಬೀಳಲೂ ಇಲ್ಲ. ಇದ್ದ ಹಾಗೆ ನಿಂತಿತ್ತು. ಕೈಗೆ ಏನೂ ತಗುಲಿದ ಹಾಗೇ ಆಗಲಿಲ್ಲ.

"ಈ ಸಲ ಬಾಟ್ಲಿಗೆ ತಾಗಲೂ ಇಲ್ಲ" ಎಂದರು ಭಾವ. "ಏನಮ್ಮಾ, ನಾಳೆ ಬಕೆಟ್ ಕಳಿಸ್ಲಾ?"

ಮುಗಿಯಿತು. ನನ್ನ ಕೋಣೆ ಹೋಯಿತು, ಮೇಜು ಹೋಯಿತು, ಕುಂಟು ಕುರ್ಚಿ ಹೋಯಿತು. ನಾಳೆಯಿಂದ ನನ್ನ ಜಾಗದಲ್ಲಿ ಕೆಂಪು ಬಕೆಟ್ಟು, ನೀಲಿ ಬಕೆಟ್ಟು! ಎದೆ ಒಡೆದು ಹೋಯಿತು. ಆ ಸಂಕಟದಲ್ಲಿ ಚಾಕುವನ್ನು ಎತ್ತಿ ಹಿಡಿದು ಅಬ್ಬರಿಸಿದೆ.

"ಹೌದ್ರೀ, ಅಡಿಪಟ್ಟಿನೇ ಇದು! ಹೆಡ್ ಸಾಹೇಬ್ರು ಹೇಳಿದ್ದೇ ಸರಿ! ನೋಡಿ, ನೀವೇ ನೋಡಿ!"

ಹೆಡ್ಡು ಮಾಡಿದ ಹಾಗೆಯೇ, ಎಡಗೈ ಹೆಬ್ಬೆರಳನ್ನು ಅಲಗಿನ ಮೇಲೆ ಈ ತುದಿಯಿಂದ ಆ ತುದಿವರೆಗೆ, ಒತ್ತಿ, ಸರ್ರನೆ ಎಳೆದೆ.

ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಅಂಗಿಯ ಮೇಲೆ ಬೆಚ್ಚಗಾಯಿತು. ಹೆಂಡತಿ ಚೀರಿದಳು. ಅದೇ ಕ್ಷಣದಲ್ಲಿ ಕಟ್ಟೆಯ ಮೇಲೆ ಬಾಟಲಿಯ ಮೇಲ್ಭಾಗ ಮೆಲ್ಲಗೆ ಓರೆಯಾಗಿ ಜಾರಿ ಕೆಳಗೆ ಬಿತ್ತು. ಕೆಳಭಾಗ ನಿಂತಲ್ಲೇ ನಿಂತಿತ್ತು.

"ಕೊಯ್ತು!" ಎಂದು ಕುಣಿದೆ. ರಕ್ತ ಧಾರೆಯಾಗಿ ಸುರಿಯುತ್ತಿದ್ದ ಕೈಯನ್ನು ಒಬ್ಬೊಬ್ಬರ ಮುಖದ ಹತ್ತಿರ ಹಿಡಿದು ತೋರಿಸಿದೆ. "ಕೊಯ್ತು ಕಣ್ರೀ! ನೋಡಿ, ನನ್ನ ಚಾಕು ಕೊಯ್ತು!"

ಹೆಡ್ಡು ಎದ್ದು ನಿಂತು ತಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿಕೊಂಡರು. ಭಾವ ಮಾತ್ರ ಜಗ್ಗಲಿಲ್ಲ. ಆಸ್ಪತ್ರೆಗೆ ಹೋಗುವ ಆಟೋದಲ್ಲೂ ಅದೇ ವಾದ. ಬಾಟ್ಲಿ ಮೊದಲೇ ಹೊಡೆತ ತಿಂದಿತ್ತಂತೆ. ಹೆಬ್ಬೆರಳು ಮೆತ್ತಗಿನ ವಸ್ತುವಂತೆ. ಅದು ಕೊಯ್ತು ಅಂದ ಮಾತ್ರಕ್ಕೆ ಚಾಕು ಹರಿತ ಅಂತ ಆಗಲ್ಲವಂತೆ. ಕೈಗೆ ಟವೆಲ್ಲು ಸುತ್ತಿದ್ದರಿಂದ ಅವರನ್ನು ಹೊಡೆಯಲು ಆಗಲಿಲ್ಲ.

ಡಾಕ್ಟರಮ್ಮ ಗಾಯ ತೊಳೆದು, ದೀಪ ಹತ್ತಿರ ಎಳೆದು ನೋಡಿದರು. ಹೊಲಿಗೆ ಹಾಕುತ್ತ ಕೇಳಿದರು.

"ಯಾವುದ್ರಲ್ಲಿ ಕೊಯ್ಕೊಂಡ್ರಿ? ಹೊಸ ಬ್ಲೇಡಾ? ಇಷ್ಟು ನೀಟಾದ ಗಾಯ ನಾನು ನೋಡೇ ಇಲ್ಲ. ಗೆರೆ ಎಳೆದ ಹಾಗಿದೆ. ಎಂಥಾ ಹರಿತ ಇರ್ಬೇಕು ಅದು!"

ನೋವೆಲ್ಲ ಮರೆತು ಎದ್ದು ಕೂತೆ. "ಡಾಕ್ಟರಮ್ಮಾ, ನಿಮಗೆ ಪುಣ್ಯ ಬರುತ್ತೆ. ಅದನ್ನೇ ಇನ್ನೊಂದು ಸಲ ಹೇಳಿ. ಸ್ವಲ್ಪ ಜೋರಾಗಿ. ಹೊರಗೆ ಬೆಂಚಿನ ಮೇಲೆ ನಮ್ಮ ಭಾವ ಕೂತಿದಾರೆ."

ಪಾಪ, ಒಳ್ಳೆಯ ಹೆಂಗಸು. ಕಾರಿಡಾರಿಗೆಲ್ಲ ಕೇಳುವ ಹಾಗೆ ಹೇಳಿದರು. ಹೊರಗೆ ಟೇಪು ಕಿರ್ರೆಂದು ಒಳಗೆ ಹೋದ ಸದ್ದು ಕೇಳಿತು. ನನ್ನ ಜನ್ಮದಲ್ಲಿ ಅಷ್ಟು ಇಂಪಾದ ಸದ್ದು ಕೇಳಿಲ್ಲ.

ಆದರೆ ಭಾವ ಭಾವನೇ. ಮನೆಗೆ ಬರುವ ದಾರಿಯಲ್ಲಿ ಶುರು ಮಾಡಿಯೇಬಿಟ್ಟರು. "ಆಯ್ತು ಸ್ವಾಮಿ, ರೂಮು ನಿಮ್ಮದೇ. ಕೈ ವಾಸಿಯಾಗೋವರೆಗೂ ಸುಮ್ನೆ ಖಾಲಿ ಇರುತ್ತಲ್ಲ, ಅಲ್ಲೀವರೆಗೆ ಒಂದಿಷ್ಟು ಬಕೆಟ್ಟು..."

ಅದಕ್ಕೇ ನೋಡಿ, ಈಗ ನಾನು ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುಂಟು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಎಡಗೈಗೆ ಕುಂಬಳಕಾಯಿ ಗಾತ್ರದ ಬ್ಯಾಂಡೇಜು. ಬಲಗೈಯಲ್ಲಿ ಚಾಕು. ಮನೆಯ ಮುಂದೆ ಬಕೆಟ್ಟಿನ ಗಾಡಿ ಬಂದು ನಿಂತ ಸದ್ದು ಕೇಳುತ್ತಿದೆ. ಬರಲಿ. ಒಂದು ಬಕೆಟ್ಟು ಹೊಸಿಲು ದಾಟಲಿ, ಆಮೇಲೆ ಪರೀಕ್ಷೆ ಅಂದರೆ ಏನೆಂದು ತೋರಿಸುತ್ತೇನೆ.

ಹೆಂಡತಿ ಈಗಷ್ಟೇ ಬಂದು ಪಕ್ಕದಲ್ಲಿ ನಿಂತಳು. ನನ್ನ ಬ್ಯಾಂಡೇಜನ್ನು ಮೃದುವಾಗಿ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರಿತ್ತು.

"ರೀ, ಅದಕ್ಕೆ ರಕ್ತ ಅಂಟಿದೆ" ಎಂದಳು. "ಇಲ್ಲಿ ಕೊಡಿ, ತೊಳೆದು ಇಡ್ತೀನಿ."

"ಕೊಡಲ್ಲ" ಎಂದೆ.